ಎಂಜಿನ್ ಕೆಲಸಕ್ಕೆ ಮುಂಚೆ ಸಿಲಿಂಡರ್ ಹೆಡ್ ದಪ್ಪ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ಹೀಟ್ ಆಯಿತು, ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಕೂರುವ ಸಿಲಿಂಡರ್ ಹೆಡ್‌ಗೂ ನಡುವಿನ ಗ್ಯಾಸ್ಕೆಟ್ ಹೋಯಿತು, ಹೆಡ್ ಬಿಚ್ಚಿದರು. ಬಿಚ್ಚಿದ ಹೆಡ್ ಅದೇ ದಿನ ಫೇಸಿಂಗ್‌ಗೆ, ಅಂದರೆ ಕೆಳಮುಖವನ್ನು ಮಿಷನ್‌ನಲ್ಲಿ ಕಡಿದು ಸಮ ಮಾಡಿಸಲು, ಹೋಗುತ್ತದೆ. ನಡುವೆ ಕಾಲು ಗಂಟೆಯ ಕೆಲಸವೊಂದು ತಪ್ಪಿಹೋಗುತ್ತದೆ. ಹೆಡ್ ಈಗ ಎಷ್ಟು ದಪ್ಪ ಇದೆ ಅಂತ ಯಾರೂ ಅಳೆಯುವುದಿಲ್ಲ. ಸ್ವಂತ ಗಾಡಿಯ ಎಂಜಿನ್ ಕೆಲಸ ಮಾಡಿಸುವವರು ಮತ್ತು ಹೊಸದಾಗಿ ಸ್ಪ್ಯಾನರ್ ಹಿಡಿದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಹೆಡ್ ದಪ್ಪ ಅಂದರೆ ಎಲ್ಲಿಂದ ಎಲ್ಲಿಗೆ?

ಬ್ಲಾಕ್ ಮೇಲೆ ಕೂರುವ ಮುಖದಿಂದ, ಅಂದರೆ ಗ್ಯಾಸ್ಕೆಟ್ ಮುಖದಿಂದ, ಮೇಲೆ ಟ್ಯಾಪೆಟ್ ಕವರ್ ಕೂರುವ ಮುಖದವರೆಗೆ. ಹೆಚ್ಚಿನ ಎಂಜಿನ್‌ಗಳಲ್ಲಿ ಇವೆರಡೂ ಒಂದಕ್ಕೊಂದು ಸಮಾನಾಂತರವಾಗಿ ಇರುತ್ತವೆ, ಹಾಗಾಗಿ ಅಳೆಯುವುದು ಸುಲಭ. ಕೆಲವು ಎಂಜಿನ್‌ಗಳಲ್ಲಿ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹೊರುವ ಕ್ಯಾರಿಯರ್ ಬೇರೆ ಇರುತ್ತದೆ. ಅಲ್ಲಿ ಆ ಕ್ಯಾರಿಯರ್ ಕೂರುವ ಮುಖವೇ ಮೇಲಿನ ಗುರುತು. ಸರ್ವಿಸ್ ಮ್ಯಾನುವಲ್‌ನಲ್ಲಿ ಒಂದು ಚಿಕ್ಕ ಚಿತ್ರ ಹಾಕಿ ಬಾಣ ತೋರಿಸಿರುತ್ತಾರೆ. ಆ ಬಾಣ ಎಲ್ಲಿಂದ ಎಲ್ಲಿಗೆ ಇದೆ ಅಂತ ನೋಡದೆ ಅಳೆದರೆ ಬರುವ ಸಂಖ್ಯೆಯನ್ನು ಯಾವುದಕ್ಕೂ ಹೋಲಿಸಲು ಆಗುವುದಿಲ್ಲ.

ಫೇಸಿಂಗ್ ಮಾಡಿಸಿದರೆ ಸಾಕಲ್ವಾ? ದಪ್ಪ ಯಾಕೆ ನೋಡಬೇಕು?

ಫೇಸಿಂಗ್ ಅಂದರೆ ಲೋಹ ಕಡಿಯುವುದು. ಕಡಿದದ್ದು ವಾಪಸ್ ಬರುವುದಿಲ್ಲ. ಹತ್ತು ಹದಿನೈದು ವರ್ಷ ಓಡಿದ ಗಾಡಿಯ ಹೆಡ್ ಮೊದಲೇ ಒಂದೆರಡು ಸಲ ಮಿಷನ್ ಮೇಲೆ ಹೋಗಿಬಂದಿರಬಹುದು. ಹಿಂದಿನ ಮಾಲೀಕರು ಅದನ್ನು ಹೇಳಿರುವುದಿಲ್ಲ, ಬಿಲ್ಲೂ ಇರುವುದಿಲ್ಲ. ಆ ಚರಿತ್ರೆ ಉಳಿದಿರುವುದು ದಪ್ಪದಲ್ಲಿ ಮಾತ್ರ.

ದಪ್ಪ ಕಮ್ಮಿ ಆದ ಹಾಗೆ ನಾಲ್ಕು ವಿಷಯ ಬದಲಾಗುತ್ತವೆ. ಕಂಬಶ್ಚನ್ ಚೇಂಬರ್ ಚಿಕ್ಕದಾಗಿ ಕಂಪ್ರೆಷನ್ ಏರುತ್ತದೆ. ವಾಲ್ವ್‌ಗಳು ಪಿಸ್ಟನ್‌ಗೆ ಹತ್ತಿರವಾಗುತ್ತವೆ. ಕ್ಯಾಮ್ ಹೆಡ್‌ನಲ್ಲೇ ಇರುವ ಎಂಜಿನ್‌ನಲ್ಲಿ ಟೈಮಿಂಗ್, ಅಂದರೆ ವಾಲ್ವ್ ತೆರೆದು ಮುಚ್ಚುವ ಹೊತ್ತು, ಸರಿಯುತ್ತದೆ. ಕೊನೆಯದಾಗಿ, ಚೇಂಬರ್ ಮತ್ತು ನೀರಿನ ದಾರಿಯ ನಡುವಿನ ಗೋಡೆ ತೆಳ್ಳಗಾಗುತ್ತದೆ, ಮುಂದಿನ ಸಲ ಹೀಟ್ ಆದಾಗ ಬಿರುಕು ಬೇಗ ಬರುತ್ತದೆ. ಇದಕ್ಕೇ ಕಂಪನಿಗಳು ಕನಿಷ್ಠ ದಪ್ಪ ಅಂತ ಒಂದು ಗೆರೆ ಹಾಕಿರುವುದು.

ಇನ್ನೊಂದು ಮಾತು. ಫೇಸಿಂಗ್ ಪ್ರತಿ ಹೆಡ್‌ಗೂ ಬೇಕು ಅಂತೇನೂ ಇಲ್ಲ. ಹೆಡ್ ಮಿತಿಯೊಳಗೆ ಸಮ ಇದ್ದು, ಮುಖದಲ್ಲಿ ಗುಳಿ ಗೀರು ಇಲ್ಲದಿದ್ದರೆ ಚೆನ್ನಾಗಿ ತೊಳೆದು ಹಾಕಬಹುದು. "ಬಿಚ್ಚಿದ್ದೀವಲ್ಲ, ಒಂದು ಸಲ ಹೊಡೆಸಿಬಿಡೋಣ" ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಸುಮ್ನೆ ಒಂದು ಸಲದ ಅವಕಾಶ ಕಳೆದ ಹಾಗಾಗುತ್ತದೆ.

ನನ್ನ ಗಾಡಿಗೆ ಎಷ್ಟು ಇರಬೇಕು?

ಇದಕ್ಕೆ ಎಲ್ಲ ಗಾಡಿಗೂ ಹೊಂದುವ ಉತ್ತರ ಇಲ್ಲ. ಪ್ರತಿ ಎಂಜಿನ್‌ಗೂ ಬೇರೆ. ಒಂದೇ ಕಂಪನಿಯ ಪೆಟ್ರೋಲ್, ಡೀಸೆಲ್ ಎರಡಕ್ಕೂ ಬೇರೆ. ಅಂದಾಜು ಸಿಗಲಿ ಅಂತ ಕೆಲವು ಹೇಳುತ್ತೇನೆ. ಫೋಕ್ಸ್‌ವ್ಯಾಗನ್‌ನ ಹಳೆಯ 8 ವಾಲ್ವ್ 1.8 ಲೀಟರ್ ಪೆಟ್ರೋಲ್ ಹೆಡ್‌ಗೆ ಕನಿಷ್ಠ 132.6 ಮಿ.ಮೀ. ಅದೇ ಮನೆಯ 20 ವಾಲ್ವ್ 1.8 ಟರ್ಬೊ, ನಮ್ಮಲ್ಲಿ ಹಳೆ ಆಕ್ಟೇವಿಯಾ ಆರ್‌ಎಸ್‌ನಲ್ಲಿ ಬಂದದ್ದು, ಕನಿಷ್ಠ 139.2 ಮಿ.ಮೀ. ಬಿಎಂಡಬ್ಲ್ಯುನ ಎಂ20 ಆರು ಸಿಲಿಂಡರ್ ಹೆಡ್ ಹೊಸದರಲ್ಲಿ 125.1 ಮಿ.ಮೀ., ಕನಿಷ್ಠ 124.7 ಮಿ.ಮೀ.

ಎಂ20ರ ಲೆಕ್ಕ ಗಮನಿಸಿ. ಹೊಸದಕ್ಕೂ ಕೊನೆಯ ಮಿತಿಗೂ ನಡುವೆ ಇರುವುದು 0.4 ಮಿ.ಮೀ. ಮಾತ್ರ. ಆ ಹೆಡ್‌ನ ಇಡೀ ಜೀವಮಾನಕ್ಕೆ ಅಷ್ಟೇ. ಒಂದೇ ಸಲಕ್ಕೆ 0.3 ಕಡಿಸಿದರೆ ಮುಂದಿನ ಸಲಕ್ಕೆ 0.1 ಮಾತ್ರ ಉಳಿಯುತ್ತದೆ.

ಕೆಲವು ಮ್ಯಾನುವಲ್‌ಗಳು ದಪ್ಪದ ಬದಲು "ಇಷ್ಟಕ್ಕಿಂತ ಜಾಸ್ತಿ ಕಡಿಯಬೇಡಿ" ಅಂತ ಬರೆದಿರುತ್ತವೆ. ಅಂಥ ಕಡೆ ಹೊಸ ಹೆಡ್‌ನ ದಪ್ಪ ಎಷ್ಟು ಅಂತ ಹುಡುಕಿಕೊಳ್ಳಬೇಕು. ಇಲ್ಲದಿದ್ದರೆ ಇದುವರೆಗೆ ಎಷ್ಟು ಕಡಿದಿದ್ದಾರೆ ಅಂತ ಗೊತ್ತಾಗುವುದಿಲ್ಲ. ಎಂಜಿನ್ ಕೋಡ್ ನೋಡಿಯೇ ಹುಡುಕಿ. ಗಾಡಿ ಹೆಸರು ನೋಡಿ ಹುಡುಕಿದರೆ ಬೇರೆ ಎಂಜಿನ್‌ನ ಸಂಖ್ಯೆ ಸಿಗುವ ಅಪಾಯ ಇದೆ.

ಯಾವ ಸಾಮಾನು ಬೇಕು? ಮನೆಯಲ್ಲಿರುವ ವರ್ನಿಯರ್ ಸಾಕಾ?

ಮೊದಲ ನೋಟಕ್ಕೆ ಸಾಕು. ಮಾಮೂಲಿ ವರ್ನಿಯರ್ 0.02 ಮಿ.ಮೀ. ವರೆಗೆ ಓದುತ್ತದೆ ಅಂತ ಬರೆದಿರುತ್ತದೆ. ಆದರೆ 130 ಮಿ.ಮೀ. ತೆರೆದಾಗ ದವಡೆ ಸ್ವಲ್ಪ ಓರೆಯಾದರೂ ಓದು 0.05 ಅತ್ತಿತ್ತ ಆಗುತ್ತದೆ. "ಈ ಹೆಡ್ ಆಗಲೇ ಅರ್ಧ ಮಿ.ಮೀ. ಕಮ್ಮಿ ಇದೆ" ಅನ್ನುವಷ್ಟನ್ನು ವರ್ನಿಯರ್ ಹೇಳುತ್ತದೆ. ಮಿತಿಯ ಹತ್ತಿರ ಇದೆ ಅಂತ ಕಂಡರೆ ವರ್ನಿಯರ್ ನಂಬಿ ತೀರ್ಮಾನ ಮಾಡಬೇಡಿ.

ಸರಿಯಾದ ಸಾಮಾನು ಔಟ್‌ಸೈಡ್ ಮೈಕ್ರೋಮೀಟರ್, 0.01 ಮಿ.ಮೀ. ಓದುವುದು. ಇವು 25 ಮಿ.ಮೀ. ಅಳತೆಯ ಅಂತರದಲ್ಲಿ ಬರುತ್ತವೆ: 100ರಿಂದ 125, 125ರಿಂದ 150, ಹೀಗೆ. ಎಂ20ರಂಥ ಹೆಡ್ ಇಲ್ಲಿ ತಮಾಷೆ ಮಾಡುತ್ತದೆ. ಹೊಸದಾಗಿದ್ದಾಗ ಅದಕ್ಕೆ ದೊಡ್ಡ ಮೈಕ್ರೋಮೀಟರ್ ಬೇಕು, ಒಂದು ಸಲ ಕಡಿಸಿದ ಮೇಲೆ ಚಿಕ್ಕದು ಬೇಕು! ಅಳೆಯುವ ಮುಂಚೆ ಜೊತೆಗೆ ಬರುವ ಸೆಟ್ಟಿಂಗ್ ರಾಡ್ ಇಟ್ಟು ಸೊನ್ನೆ ನೋಡಿಕೊಳ್ಳಿ.

ಮೈಕ್ರೋಮೀಟರ್‌ನ ಕಮಾನು ಒಳಗೆ ತಲುಪದ ಹೆಡ್‌ಗಳೂ ಇವೆ. ಟ್ಯಾಪೆಟ್ ಕವರ್ ಮುಖ ಅಂಚಿನಿಂದ ತುಂಬ ಒಳಗಿದ್ದರೆ ಹೀಗಾಗುತ್ತದೆ. ಆಗ ಸರ್ಫೇಸ್ ಪ್ಲೇಟ್ (ಪೂರ್ತಿ ಸಮತಟ್ಟಾದ ಅಳತೆಯ ಹಲಗೆ) ಮೇಲೆ ಹೆಡ್ ಇಟ್ಟು ಹೈಟ್ ಗೇಜ್‌ನಿಂದ ಅಳೆಯಬೇಕು. ಒಳ್ಳೆಯ ಎಂಜಿನಿಯರಿಂಗ್ ವರ್ಕ್ಸ್ ಅಂಗಡಿಗಳಲ್ಲಿ ಇದು ಇರುತ್ತದೆ. ಕೇಳಿದರೆ ಅಳೆದು ಕೊಡುತ್ತಾರೆ. ಇದರ ಜೊತೆಗೆ ಸ್ಟ್ರೇಟ್ ಎಡ್ಜ್ ಮತ್ತು ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಬ್ಲೇಡ್‌ಗಳ ಕಟ್ಟು) ಬೇಕೇ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಳೆಯುವ ಮುಂಚೆ ಎಷ್ಟು ಕ್ಲೀನ್ ಮಾಡಬೇಕು?

ಲೋಹ ಕಾಣುವಷ್ಟು. ಹಳೆ ಗ್ಯಾಸ್ಕೆಟ್‌ನ ಒಂದು ಪೊರೆ ಉಳಿದಿದ್ದರೂ ಅದೇ 0.05 ಆಗಿಬಿಡುತ್ತದೆ. ಅಲ್ಯೂಮಿನಿಯಂ ಹೆಡ್ ಆದರೆ ಗ್ಯಾಸ್ಕೆಟ್ ರಿಮೂವರ್ ಹಾಕಿ ನೆನೆಯಲು ಬಿಟ್ಟು, ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಸ್ಕ್ರೇಪರ್‌ನಿಂದ ಎತ್ತಿ. ಬ್ಲೇಡ್ ಮೂಲೆ ಕಚ್ಚಿದರೆ ಗೀರು ಬೀಳುತ್ತದೆ, ಆ ಗೀರು ತೆಗೆಯಲು ಮತ್ತೆ ಫೇಸಿಂಗ್.

ಗ್ರೈಂಡರ್‌ಗೆ ನಾರಿನ ಡಿಸ್ಕ್ ಹಾಕಿ ಉಜ್ಜುವ ಅಭ್ಯಾಸ ತುಂಬ ಗ್ಯಾರೇಜ್‌ಗಳಲ್ಲಿದೆ. ನೋಡಲು ಫಳಫಳ ಹೊಳೆಯುತ್ತದೆ. ಆದರೆ ಕೈ ಜಾಸ್ತಿ ನಿಂತ ಕಡೆ ತಗ್ಗಾಗುತ್ತದೆ. ಡಿಸ್ಕ್‌ನ ಪುಡಿ ಎಣ್ಣೆ ದಾರಿಗೆ ಹೋದರೆ ಬೇರಿಂಗ್ ತಿಂದು ಹಾಕುತ್ತದೆ.

ಕಾಸ್ಟಿಕ್ ಸೋಡಾ ತೊಟ್ಟಿಗೆ ಎರಕದ ಕಬ್ಬಿಣದ ಹೆಡ್ ಹಾಕಬಹುದು. ಅಲ್ಯೂಮಿನಿಯಂ ಹೆಡ್ ಯಾವತ್ತೂ ಬೇಡ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ. ತೊಳೆಯಲು ಕೊಡುವಾಗಲೇ ಇದನ್ನು ಬಾಯಿಬಿಟ್ಟು ಹೇಳಿ.

ಡವೆಲ್ ಪಿನ್, ಸ್ಟಡ್ ಎಲ್ಲ ತೆಗೆದಿರಬೇಕು. ಬೋಲ್ಟ್ ತೂತುಗಳ ಸುತ್ತ ಎದ್ದ ಅಂಚನ್ನು ಎಣ್ಣೆಕಲ್ಲಿನಿಂದ ಮೆಲ್ಲಗೆ ಸವರಿ. ವಾಲ್ವ್ ಮುಖ ಹೊರಗೆ ಚಾಚಿಕೊಂಡಿದ್ದರೆ ಹೆಡ್ ಅನ್ನು ಬೋರಲು ಇಡಬೇಡಿ, ವಾಲ್ವ್ ಬಾಗುತ್ತದೆ.

ಸರಿ, ಈಗ ಅಳೆಯುವುದು ಹೇಗೆ? ಒಂದು ಕಡೆ ಅಳೆದರೆ ಸಾಲದಾ?

ಸಾಲದು. ಕನಿಷ್ಠ ಆರು ಕಡೆ ಅಳೆಯಿರಿ: ಮುಂದಿನ ಎರಡು ಮೂಲೆ, ನಡುವಿನ ಎರಡು ಬದಿ, ಹಿಂದಿನ ಎರಡು ಮೂಲೆ. ಪ್ರತಿ ಕಡೆಯೂ ಎರಡು ಸಲ. ಎರಡು ಓದಿಗೂ 0.02ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಹೆಡ್‌ನ ತಪ್ಪಲ್ಲ, ಕೈಯ ತಪ್ಪು. ಮೈಕ್ರೋಮೀಟರ್‌ನ ರಾಚೆಟ್ ಟಿಕ್ ಟಿಕ್ ಅನ್ನುವವರೆಗೆ ತಿರುಗಿಸಿ, ಅಲ್ಲಿಗೆ ಬಿಡಿ. ಜೋರಾಗಿ ಬಿಗಿದರೆ ಕಮಾನು ಅಗಲವಾಗಿ ಓದು ತಪ್ಪುತ್ತದೆ.

ಈ ಆರು ಸಂಖ್ಯೆಗಳನ್ನು ಓದುವುದು ಹೇಗೆ ಅನ್ನುವುದೇ ಮುಖ್ಯ. ಹೊಸದರಲ್ಲಿ 125.1, ಕನಿಷ್ಠ 124.7 ಇರುವ ಹೆಡ್ ಇಟ್ಟುಕೊಂಡು ಮೂರು ಉದಾಹರಣೆ ನೋಡೋಣ.

ಮೊದಲನೆಯದು. ಆರೂ ಕಡೆ 124.94ರಿಂದ 124.96. ಇದು ನೆಮ್ಮದಿ. ಯಾರೋ ಒಂದು ಸಲ ಸುಮಾರು 0.15 ಕಡಿಸಿದ್ದಾರೆ, ಆದರೆ ನೇರವಾಗಿ ಕಡಿಸಿದ್ದಾರೆ. ಇನ್ನೂ 0.25 ಬಾಕಿ ಇದೆ.

ಎರಡನೆಯದು. ಮುಂದೆ 124.98 ಮತ್ತು 124.97, ನಡುವೆ 124.90 ಮತ್ತು 124.89, ಹಿಂದೆ 124.81 ಮತ್ತು 124.80. ಹೆಡ್ ಓರೆಯಾಗಿ ಕಡಿಯಲ್ಪಟ್ಟಿದೆ. ಹಿಂದಿನ ಸಲ ಮಿಷನ್ ಮೇಲೆ ಕಟ್ಟುವಾಗ ಕೆಳಗೆ ಕೊಳೆ ಸಿಕ್ಕಿತ್ತೋ, ಸೆಟ್ಟಿಂಗ್ ನೋಡಿರಲಿಲ್ಲವೋ, ಅಂತೂ ಹಿಂದಿನ ಕಡೆ ಜಾಸ್ತಿ ಹೋಗಿದೆ. ಹಿಂದೆ ಉಳಿದಿರುವುದು 0.10 ಮಾತ್ರ. ಇದನ್ನು ಮೇಸ್ತ್ರಿಗೆ ಹೇಳದೆ ಕೊಟ್ಟರೆ ಅವರು ಈಗಿರುವ ಗ್ಯಾಸ್ಕೆಟ್ ಮುಖಕ್ಕೇ ಡಯಲ್ ಇಟ್ಟು ಸಮ ಮಾಡಿಕೊಂಡು, ಎಲ್ಲ ಕಡೆ 0.10 ತೆಗೆಯುತ್ತಾರೆ. ಮುಖ ಕನ್ನಡಿ ಹಾಗೆ ಬರುತ್ತದೆ, ಓರೆ ಹಾಗೇ ಉಳಿಯುತ್ತದೆ, ಹಿಂದಿನ ತುದಿ ಮಿತಿಗೆ ಬಂದು ನಿಲ್ಲುತ್ತದೆ. ಹೇಳಿ ಕೊಟ್ಟರೆ ಟ್ಯಾಪೆಟ್ ಕವರ್ ಮುಖವನ್ನು ಆಧಾರ ಮಾಡಿಕೊಂಡು ಕಟ್ಟುತ್ತಾರೆ. ಆಗ ಮುಂದಿನ ಕಡೆ 0.2ರ ಹತ್ತಿರ ಹೋಗುತ್ತದೆ, ಹಿಂದೆ ಉಜ್ಜಿದಷ್ಟು ಮಾತ್ರ. ಓರೆಯೂ ಹೋಗುತ್ತದೆ, ಹೆಡ್ ಕೂಡ ಉಳಿಯುತ್ತದೆ. ಅದೇ ಮಿಷನ್, ಅದೇ ಮೇಸ್ತ್ರಿ. ವ್ಯತ್ಯಾಸ ಮಾಡಿದ್ದು ನೀವು ತೆಗೆದುಕೊಂಡು ಹೋದ ಆರು ಸಂಖ್ಯೆ.

ಮೂರನೆಯದು. ಎರಡು ತುದಿಗಳಲ್ಲಿ 124.82, ನಡುವೆ 124.96. ಇದು ಕೆಟ್ಟ ಸುದ್ದಿ. ಹಿಂದೆ ಹೀಟ್ ಆಗಿ ಇಡೀ ಹೆಡ್ ಬೆಂಡ್ ಆಗಿತ್ತು. ಅದನ್ನು ನೇರ ಮಾಡದೆ ಕೆಳಮುಖವನ್ನು ಮಾತ್ರ ಸಮ ಮಾಡಿದ್ದಾರೆ. ಕೆಳಗೆ ನೇರ, ಮೇಲೆ ಇನ್ನೂ ಬಿಲ್ಲು. ಕ್ಯಾಮ್ ಕೂರುವ ಜರ್ನಲ್‌ಗಳೂ ಅದೇ ಬಿಲ್ಲಿನಲ್ಲಿರುತ್ತವೆ. ನಡುವೆ ತೆಳ್ಳಗೆ, ತುದಿ ದಪ್ಪ ಬಂದರೂ ಅರ್ಥ ಇದೇ, ಬಾಗಿದ ದಿಕ್ಕು ಬೇರೆ ಅಷ್ಟೆ. ಇಂಥ ಹೆಡ್‌ಗೆ ಕ್ಯಾಮ್ ಇಟ್ಟು, ಕ್ಯಾಪ್‌ಗಳನ್ನು ಟಾರ್ಕ್ ಮಾಡಿ, ರಾಕರ್ ಮತ್ತು ವಾಲ್ವ್ ಯಾವುದರ ಒತ್ತಡವೂ ಇಲ್ಲದೆ ಕೈಯಲ್ಲಿ ತಿರುಗಿಸಿ ನೋಡಿ. ಒಂದು ಕಡೆ ಹಿಡಿದು ಒಂದು ಕಡೆ ಬಿಟ್ಟರೆ ಅನುಮಾನವೇ ಬೇಡ.

ಎಲ್ಲ ಕಡೆ ಒಂದೇ ದಪ್ಪ ಬಂತು. ಹಾಗಾದರೆ ಹೆಡ್ ಬೆಂಡ್ ಆಗಿಲ್ಲ ಅಂತ ಅಲ್ವಾ?

ಅಲ್ಲ. ಇದರಲ್ಲಿ ತುಂಬ ಜನ ಎಡವುತ್ತಾರೆ. ಹೆಡ್ ಬಾಗುವಾಗ ಮೇಲಿನ ಮುಖ, ಕೆಳಗಿನ ಮುಖ ಎರಡೂ ಜೊತೆಯಾಗಿ ಬಾಗುತ್ತವೆ. ದಪ್ಪ ಎಲ್ಲ ಕಡೆ ಒಂದೇ ಇರುತ್ತದೆ, ಹೆಡ್ ಮಾತ್ರ ಬಾಳೆಹಣ್ಣಿನ ಹಾಗೆ ಇರುತ್ತದೆ. ಬೆಂಡ್ ನೋಡಲು ಸ್ಟ್ರೇಟ್ ಎಡ್ಜ್ ಬೇಕು. ಗ್ಯಾಸ್ಕೆಟ್ ಮುಖದ ಮೇಲೆ ಆರು ಗೆರೆಯಲ್ಲಿ ಇಡಿ: ಎರಡು ಉದ್ದದ ಅಂಚು, ಎರಡು ಅಡ್ಡ ಅಂಚು, ಎರಡು ಮೂಲೆಯಿಂದ ಮೂಲೆಗೆ. ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ. ಮಾರುತಿ 800ರ ಹೆಡ್‌ಗೆ ಸುಜುಕಿ ಕೊಟ್ಟ ಮಿತಿ 0.05 ಮಿ.ಮೀ., ಫೋಕ್ಸ್‌ವ್ಯಾಗನ್ 1.8 ಟರ್ಬೊಗೆ 0.1 ಮಿ.ಮೀ. 0.05ರ ಬ್ಲೇಡ್ ಒಳಗೆ ಹೋಯಿತು ಅಂದರೆ ಮಾರುತಿ ಹೆಡ್‌ಗೆ ಕೆಲಸ ಇದೆ. ಮ್ಯಾನಿಫೋಲ್ಡ್ ಮುಖಗಳನ್ನೂ ಹೀಗೇ ನೋಡಿ, ಅಲ್ಲಿ ಸ್ವಲ್ಪ ಸಡಿಲ ಇರುತ್ತದೆ.

ಸ್ಟ್ರೇಟ್ ಎಡ್ಜ್ ಅಂದರೆ ಅದಕ್ಕೇ ಮಾಡಿದ ಪಟ್ಟಿ. ಶಾಲೆಯ ಸ್ಟೀಲ್ ಸ್ಕೇಲ್ ಅಲ್ಲ. ಸ್ಕೇಲ್ ತಾನೇ ಬಾಗುತ್ತದೆ.

ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಓದು ಬರುತ್ತಿದೆ. ಯಾಕೆ?

ಬಿಸಿಗೆ. ಅಲ್ಯೂಮಿನಿಯಂ ಬಿಸಿಯಾದರೆ ಹಿಗ್ಗುತ್ತದೆ. 130 ಮಿ.ಮೀ. ದಪ್ಪದ ಹೆಡ್ 20 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 0.06 ಮಿ.ಮೀ. ದಪ್ಪ ಕಾಣುತ್ತದೆ. ಬಿಸಿನೀರಲ್ಲಿ ತೊಳೆದ ತಕ್ಷಣ, ಇಲ್ಲವೇ ಬಿಸಿಲಲ್ಲಿ ಒಣಗಿಸಿ ಅಳೆದರೆ ಇಲ್ಲದ ಲೋಹ ಇರುವ ಹಾಗೆ ತೋರುತ್ತದೆ. ಅಳತೆಗಳ ಲೋಕದಲ್ಲಿ 20 ಡಿಗ್ರಿ ಸೆಲ್ಸಿಯಸ್ಸೇ ಮೂಲ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಅದರ ಹತ್ತಿರ ಇರುತ್ತದೆ, ರಾಯಚೂರಿನ ಏಪ್ರಿಲ್‌ನಲ್ಲಿ ಆಸೆ ಪಡಬೇಡಿ. ಹೆಡ್ ಮತ್ತು ಮೈಕ್ರೋಮೀಟರ್ ಎರಡನ್ನೂ ರಾತ್ರಿಯಿಡೀ ಒಂದೇ ಕೋಣೆಯ ನೆರಳಲ್ಲಿ ಇಟ್ಟು, ಬೆಳಗ್ಗೆ ಬೇಗ ಅಳೆಯಿರಿ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಎಷ್ಟು ಕಡಿಸಬಹುದು? ಕಂಪ್ರೆಷನ್ ಎಷ್ಟು ಏರುತ್ತದೆ?

ಸಮ ಆಗುವಷ್ಟು ಮಾತ್ರ. ಅದಕ್ಕಿಂತ ಒಂದು ಕೂದಲೂ ಬೇಡ. ಲೆಕ್ಕ ಬೇಕಾದರೆ ಮಾರುತಿ 800ರ ಕಾರ್ಬ್ಯುರೇಟರ್ ಎಂಜಿನ್, ಎಫ್8ಬಿ ತೆಗೆದುಕೊಳ್ಳೋಣ. ಬೋರ್ 68.5, ಸ್ಟ್ರೋಕ್ 72 ಮಿ.ಮೀ., ಮೂರು ಸಿಲಿಂಡರ್ ಸೇರಿ 796 ಸಿಸಿ. ಒಂದು ಸಿಲಿಂಡರ್‌ಗೆ 265 ಸಿಸಿ ಚಿಲ್ಲರೆ. ಕಂಪ್ರೆಷನ್ 8.7ಕ್ಕೆ 1. ಅಂದರೆ ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ ಸುಮಾರು 34.5 ಸಿಸಿ.

ಹೆಡ್‌ನಿಂದ 0.2 ಮಿ.ಮೀ. ಕಡಿಸಿದರೆ ಆ ಜಾಗದಲ್ಲಿ ಹೆಚ್ಚೆಂದರೆ 0.74 ಸಿಸಿ ಕಮ್ಮಿ ಆಗುತ್ತದೆ. ಕಂಪ್ರೆಷನ್ 8.9ರ ಹತ್ತಿರ ಬರುತ್ತದೆ. 0.5 ಮಿ.ಮೀ. ಕಡಿಸಿದರೆ 9.1 ದಾಟುತ್ತದೆ. ಇದು ಚೇಂಬರ್‌ನ ಬಾಯಿ ಬೋರ್‌ನಷ್ಟೇ ಅಗಲ ಅಂತ ಹಿಡಿದ ಲೆಕ್ಕ. ನಿಜದಲ್ಲಿ ಬಾಯಿ ಅದಕ್ಕಿಂತ ಚಿಕ್ಕದಿರುವುದರಿಂದ ಏರಿಕೆ ಇನ್ನೂ ಸ್ವಲ್ಪ ಕಮ್ಮಿ. ಹಾಗಾಗಿ ಒಂದು ಸಲದ ಫೇಸಿಂಗ್‌ನಿಂದ ಎಂಜಿನ್ ನಾಕ್ ಹೊಡೆಯುತ್ತದೆ ಅಂತ ಹೆದರಬೇಕಿಲ್ಲ. ಎರಡು ಮೂರು ಸಲದ್ದು ಸೇರಿಕೊಂಡಾಗ, ಇಂಗಾಲವೂ ಕಟ್ಟಿಕೊಂಡಾಗ, ಘಾಟಿ ಏರುವಾಗ ಕಟಕಟ ಶುರುವಾಗುತ್ತದೆ.

ನಿಖರವಾಗಿ ಬೇಕಾದವರು ಚೇಂಬರ್ ಅಳೆಯಬಹುದು. ಸ್ಪಾರ್ಕ್ ಪ್ಲಗ್ ಹಾಕಿ, ಚೇಂಬರ್ ಅಂಚಿಗೆ ಗ್ರೀಸ್ ಹಚ್ಚಿ, ತೂತಿರುವ ಅಕ್ರಿಲಿಕ್ ಪಟ್ಟಿ ಮುಚ್ಚಿ, ಬ್ಯುರೆಟ್‌ನಿಂದ ಸೀಮೆಎಣ್ಣೆ ಬಿಡುವುದು. ಎಷ್ಟು ಸಿಸಿ ಹಿಡಿಯಿತು ಅಂತ ಓದಿಕೊಳ್ಳುವುದು. ಎಲ್ಲ ಚೇಂಬರ್‌ಗಳೂ ಒಂದೇ ಹಿಡಿಯಬೇಕು. ಹೆಡ್ ಓರೆಯಾಗಿ ಕಡಿದಿದ್ದರೆ ಇಲ್ಲೂ ಸಿಕ್ಕಿಬೀಳುತ್ತದೆ.

ಮೆಕ್ಯಾನಿಕ್ "ಹತ್ತು ಥೌ ತೆಗೆದಿದ್ದೀವಿ" ಅಂದರು. ಅದು ಎಷ್ಟು?

ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು, 0.0254 ಮಿ.ಮೀ. ಹತ್ತು ಥೌ ಅಂದರೆ 0.25 ಮಿ.ಮೀ. ಅದೇ ಅಂಗಡಿಯಲ್ಲಿ ಇನ್ನೊಬ್ಬರು "ಹತ್ತು ಪಾಯಿಂಟ್" ಅಂದರೆ 0.10 ಮಿ.ಮೀ. ಇರಬಹುದು. ಮಿ.ಮೀ.ನಲ್ಲಿ ಬರೆದು ಕೊಡಿ, ಮಿ.ಮೀ.ನಲ್ಲಿ ಬರೆಸಿಕೊಳ್ಳಿ.

ಡೀಸೆಲ್ ಹೆಡ್‌ಗೂ ಇದೇ ನಿಯಮವಾ?

ಇನ್ನೂ ಬಿಗಿ. ಡೀಸೆಲ್‌ನಲ್ಲಿ ಪಿಸ್ಟನ್‌ಗೂ ಹೆಡ್‌ಗೂ ನಡುವೆ ಜಾಗವೇ ಕಮ್ಮಿ. ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಬ್ಲಾಕ್ ಮುಖಕ್ಕಿಂತ ಮೇಲೆ ಬರುತ್ತದೆ. ಹಳೆ ಆಕ್ಟೇವಿಯಾದ 1.9 ಟಿಡಿಐ ಎಂಜಿನ್‌ನ ಹೆಡ್ ಅನ್ನು ಕಡಿಯಲೇಬಾರದು ಅಂತ ಕಂಪನಿ ಹೇಳಿದೆ. ಬೆಂಡ್ 0.1 ದಾಟಿದರೆ ಹೆಡ್ ಬದಲಾಯಿಸಿ ಅಂತಲೇ ಲೆಕ್ಕ.

ಆ ಎಂಜಿನ್‌ನ ಗ್ಯಾಸ್ಕೆಟ್ ನೋಡಿದ್ದೀರಾ? ಅಂಚಿನಲ್ಲಿ ಒಂದು, ಎರಡು ಅಥವಾ ಮೂರು ತೂತು ಇರುತ್ತದೆ. ಅದು ದಪ್ಪದ ಗುರುತು: ಒಂದು ತೂತು 1.45, ಎರಡು 1.53, ಮೂರು 1.61 ಮಿ.ಮೀ. ಯಾವುದು ಹಾಕಬೇಕು ಅನ್ನುವುದನ್ನು ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಡಯಲ್ ಗೇಜ್‌ನಿಂದ ಅಳೆದು ತೀರ್ಮಾನಿಸಬೇಕು. 0.91ರಿಂದ 1.00 ಬಂದರೆ ಒಂದು ತೂತು, 1.01ರಿಂದ 1.10ಕ್ಕೆ ಎರಡು, 1.11ರಿಂದ 1.20ಕ್ಕೆ ಮೂರು. 0.08 ಮಿ.ಮೀ. ವ್ಯತ್ಯಾಸಕ್ಕೆ ಬೇರೆ ಗ್ಯಾಸ್ಕೆಟ್ ಮಾಡಿದ್ದಾರೆ ಅಂದರೆ ಡೀಸೆಲ್‌ನಲ್ಲಿ ಎಷ್ಟು ಸೂಕ್ಷ್ಮ ಅಂತ ಲೆಕ್ಕ ಹಾಕಿ. "ಹೆಡ್ ಕಡಿಸಿದ್ದೀವಿ, ಮೂರು ತೂತಿನದ್ದು ಹಾಕಿದರೆ ಸರಿಹೋಗುತ್ತದೆ" ಅನ್ನುವವರಿದ್ದಾರೆ. ಆ ಮೂರು ದಪ್ಪ ಇರುವುದು ಪಿಸ್ಟನ್‌ಗಾಗಿ, ಕಡಿದ ಹೆಡ್‌ಗಾಗಿ ಅಲ್ಲ.

ಹಳೆಯ ಟೆಂಪೋಗಳಲ್ಲಿದ್ದ ಮರ್ಸಿಡಿಸ್ ಮೂಲದ ಓಎಂ616ರಂಥ ಪ್ರಿ-ಚೇಂಬರ್ (ಡೀಸೆಲ್ ಮೊದಲು ಹೊತ್ತಿಕೊಳ್ಳುವ ಪುಟ್ಟ ಕೋಣೆ) ಇರುವ ಎಂಜಿನ್‌ಗಳಲ್ಲಿ ಕಡಿಯಲು ಅವಕಾಶ ಇದ್ದರೂ ಪ್ರಿ-ಚೇಂಬರ್ ಹೊರಚಾಚಿರುವ ಅಳತೆ ಬದಲಾಗುತ್ತದೆ. ಅದನ್ನೂ ಹೊಂದಿಸಬೇಕು. ಕಡಿದಷ್ಟೂ ವಾಲ್ವ್ ಕೂಡ ಮೇಲೆದ್ದ ಹಾಗೆ ಆಗುವುದರಿಂದ ಸೀಟ್ ಕಟ್ ಮಾಡಿ ವಾಲ್ವ್ ಒಳಗೆ ಇಳಿಸಬೇಕು. ವಾಲ್ವ್ ತಲೆ ಹೆಡ್ ಮುಖಕ್ಕಿಂತ ಎಷ್ಟು ಒಳಗಿದೆ ಅಂತ ಫೇಸಿಂಗ್‌ಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಡೆಪ್ತ್ ಗೇಜ್‌ನಿಂದ ಅಳೆದು ಬರೆದಿಡಿ.

ಟೈಮಿಂಗ್ ಬದಲಾಗುತ್ತದೆ ಅಂದಿರಿ. ಬೆಲ್ಟ್ ಗುರುತು ಸರಿಯಾಗಿ ಕೂರಿಸಿದರೆ ಆಯಿತಲ್ಲ?

ಹೆಡ್ ಕೆಳಗೆ ಬಂದಷ್ಟೂ ಕ್ಯಾಮ್ ಮತ್ತು ಕ್ರ್ಯಾಂಕ್ ಹತ್ತಿರವಾಗುತ್ತವೆ. ಬೆಲ್ಟ್ ಉದ್ದ ಮಾತ್ರ ಅಷ್ಟೇ ಇರುತ್ತದೆ. ಟೆನ್ಶನರ್ ಆ ಸಡಿಲವನ್ನು ಒಂದೇ ಬದಿಯಲ್ಲಿ ಎಳೆದುಕೊಳ್ಳುತ್ತದೆ, ಕ್ಯಾಮ್ ಸ್ವಲ್ಪ ಹಿಂದೆ ಬೀಳುತ್ತದೆ. 100 ಮಿ.ಮೀ. ವ್ಯಾಸದ ಕ್ಯಾಮ್ ಪುಲ್ಲಿ ಇದ್ದು 0.25 ಕಡಿಸಿದರೆ ಕ್ರ್ಯಾಂಕ್ ಲೆಕ್ಕದಲ್ಲಿ ಅರ್ಧ ಡಿಗ್ರಿಗೆ ಸ್ವಲ್ಪ ಜಾಸ್ತಿ. ದಿನದ ಓಡಾಟದಲ್ಲಿ ಗೊತ್ತಾಗುವುದಿಲ್ಲ. ಚೈನ್ ಇರುವ ಎಂಜಿನ್‌ನಲ್ಲಿ, ಚೈನ್ ಆಗಲೇ ಸವೆದು ಉದ್ದವಾಗಿದ್ದರೆ, ಎರಡೂ ಸೇರಿ ಟೆನ್ಶನರ್ ಕೊನೆ ಮುಟ್ಟುತ್ತದೆ. ಅಲ್ಲಿ ಚೈನ್ ಕಿಟ್ ಹೊಸದು ಹಾಕುವುದು ವಾಸಿ.

ಅಂಬಾಸಿಡರ್‌ನ ಹಳೆ ಪೆಟ್ರೋಲ್ ಎಂಜಿನ್ ಹಾಗೆ ಕ್ಯಾಮ್ ಬ್ಲಾಕ್‌ನಲ್ಲೇ ಇದ್ದು ಪುಷ್‌ರಾಡ್ ಮೂಲಕ ವಾಲ್ವ್ ತೆರೆಯುವ ಕಡೆ ಟೈಮಿಂಗ್ ಸರಿಯುವುದಿಲ್ಲ. ಟ್ಯಾಪೆಟ್ ಗ್ಯಾಪ್ ಹೊಸದಾಗಿ ಹೊಂದಿಸಿಕೊಂಡರೆ ಆಯಿತು.

ಬೋಲ್ಟ್‌ಗೂ ಹೆಡ್ ದಪ್ಪಕ್ಕೂ ಸಂಬಂಧ ಇದೆಯಾ?

ಇದೆ. ಹೆಡ್ ತೆಳ್ಳಗಾದಷ್ಟೂ ಬೋಲ್ಟ್ ಬ್ಲಾಕ್‌ನೊಳಗೆ ಆಳಕ್ಕೆ ಇಳಿಯುತ್ತದೆ. ತೂತು ತಳ ಮುಚ್ಚಿದ್ದರೆ, ಅದರಲ್ಲಿ ಎಣ್ಣೆಯೋ ಕೂಲಂಟೋ ಕಸವೋ ಇದ್ದರೆ, ಬೋಲ್ಟ್ ತಳ ಮುಟ್ಟಿ ನಿಲ್ಲುತ್ತದೆ. ಟಾರ್ಕ್ ರೆಂಚ್ ಟಕ್ ಅನ್ನುತ್ತದೆ, ಹೆಡ್ ಮಾತ್ರ ಬಿಗಿದಿರುವುದಿಲ್ಲ. ಎಣ್ಣೆ ತುಂಬಿದ್ದರೆ ಆ ಒತ್ತಡಕ್ಕೆ ಬ್ಲಾಕ್ ಸೀಳುವುದೂ ಉಂಟು. ತೂತುಗಳಿಗೆ ಗಾಳಿ ಹೊಡೆದು ಒಣಗಿಸಿ. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟ್ ಆದರೆ ಹೊಸದೇ ಹಾಕಿ.

ಕನಿಷ್ಠಕ್ಕಿಂತ ಕಮ್ಮಿ ಬಂತು. ಹೆಡ್ ಎಸೆಯಬೇಕಾ?

ಮೊದಲು ಇನ್ನೊಂದು ಸಲ, ಇನ್ನೊಂದು ಮೈಕ್ರೋಮೀಟರ್‌ನಿಂದ ಅಳೆಯಿರಿ. ನಿಜವಾಗಿಯೂ ಕಮ್ಮಿ ಇದ್ದರೆ ದಾರಿಗಳು ಇವು.

ಕೆಲವು ಕಂಪನಿಗಳು ಕಡಿದ ಹೆಡ್‌ಗೆಂದೇ ದಪ್ಪ ಗ್ಯಾಸ್ಕೆಟ್ ಕೊಡುತ್ತವೆ. ಬಿಎಂಡಬ್ಲ್ಯು ಹೀಗೆ 0.3 ಮಿ.ಮೀ. ಹೆಚ್ಚು ದಪ್ಪದ್ದು ಕೊಡುತ್ತದೆ. ಇದು ಕಂಪ್ರೆಷನ್ ಮತ್ತು ವಾಲ್ವ್ ಅಂತರವನ್ನು ಸರಿಮಾಡುತ್ತದೆ. ಗೋಡೆ ತೆಳ್ಳಗಾದದ್ದನ್ನು ಸರಿಮಾಡುವುದಿಲ್ಲ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕುವ ಉಪಾಯ ಹೇಳುವವರ ಹತ್ತಿರ ಗಾಡಿ ಬಿಡಬೇಡಿ.

ಬೆಂಡ್ ಆದ ಅಲ್ಯೂಮಿನಿಯಂ ಹೆಡ್ ಅನ್ನು ಕಡಿಯುವ ಬದಲು ನೇರ ಮಾಡುವ ವಿಧಾನ ಇದೆ. ದಪ್ಪ ಉಕ್ಕಿನ ಪ್ಲೇಟ್‌ಗೆ ಹೆಡ್ ಬಿಗಿದು, ಬಾಗಿದ್ದಕ್ಕೆ ಎದುರು ದಿಕ್ಕಿನಲ್ಲಿ ಶಿಮ್ (ತೆಳು ಲೋಹದ ತುಂಡು) ಕೊಟ್ಟು, ಓವನ್‌ನಲ್ಲಿ ಕಾಯಿಸಿ, ನಿಧಾನವಾಗಿ ಆರಲು ಬಿಡುತ್ತಾರೆ. ಕ್ಯಾಮ್ ಸಾಲೂ ನೇರವಾಗುತ್ತದೆ, ಆಮೇಲೆ ಸ್ವಲ್ಪವೇ ಕಡಿದರೆ ಸಾಕು. ಇದನ್ನು ಮಾಡುವವರು ಕಮ್ಮಿ. ತುಂಬ ಹೀಟ್ ಆದ ಹೆಡ್ ಲೋಹ ಮೆತ್ತಗಾಗಿರುತ್ತದೆ. ಹಾರ್ಡ್‌ನೆಸ್ ನೋಡಿಸದೆ ಇಷ್ಟೆಲ್ಲ ಖರ್ಚು ಮಾಡಬೇಡಿ.

ಈ ಎರಡೂ ಆಗದಿದ್ದರೆ ಬೇರೆ ಹೆಡ್. ನನ್ನ ಕೇಳಿದರೆ, ದಿನಾ ಓಡುವ ಗಾಡಿಗೆ ಇದೇ ಕೊನೆಗೆ ಅಗ್ಗ.

ಫೇಸಿಂಗ್ ಅಂಗಡಿಗೆ ಹೋದಾಗ ಏನು ಹೇಳಬೇಕು?

ಬೆಂಗಳೂರಿನ ಜೆ.ಸಿ. ರೋಡಿನ ಗದ್ದಲದಲ್ಲಿ ಹೆಡ್ ಕೌಂಟರ್ ಮೇಲಿಟ್ಟು "ಫೇಸಿಂಗ್" ಅಂದರೆ ಫೇಸಿಂಗ್ ಆಗಿ ಬರುತ್ತದೆ, ಅಷ್ಟೆ. ಒಂದು ಚೀಟಿ ಕಟ್ಟಿ: ಈಗಿನ ಆರು ಅಳತೆ, ಕನಿಷ್ಠ ದಪ್ಪ, ಯಾವ ಮುಖ ಆಧಾರ, ಹೆಚ್ಚೆಂದರೆ ಎಷ್ಟು ತೆಗೆಯಬಹುದು. "ಅಣ್ಣಾ, ಇದಕ್ಕಿಂತ ಜಾಸ್ತಿ ಬೇಕಾದರೆ ಫೋನ್ ಮಾಡಿ, ಕೇಳದೆ ತೆಗೆಯಬೇಡಿ" ಅಂತ ಹೇಳಿ. ಒಳ್ಳೆಯ ಮೇಸ್ತ್ರಿ ಇಂಥ ಗಿರಾಕಿಯನ್ನು ಇಷ್ಟಪಡುತ್ತಾರೆ.

ಗ್ಯಾಸ್ಕೆಟ್ ಯಾವ ಬಗೆ ಅಂತಲೂ ಹೇಳಿ. ಪದರ ಪದರದ ಸ್ಟೀಲ್ ಗ್ಯಾಸ್ಕೆಟ್‌ಗೆ ಮುಖ ತುಂಬ ನುಣುಪು ಬೇಕು, ಮುಖದ ಒರಟುತನ ಹೇಳುವ ಆರ್‌ಎ ಲೆಕ್ಕದಲ್ಲಿ 0.8 ಮೈಕ್ರಾನ್ ಅಥವಾ ಅದಕ್ಕಿಂತ ಕಮ್ಮಿ. ಹಳೆಯ ಕಾಂಪೋಸಿಟ್ ಗ್ಯಾಸ್ಕೆಟ್ ಸ್ವಲ್ಪ ಒರಟು ಇದ್ದರೂ ಹಿಡಿಯುತ್ತದೆ. ಉಗುರು ಎಳೆದರೆ ಕಟರ್ ಗೆರೆ ತಗಲುವ ಹಾಗಿದ್ದರೆ ಸ್ಟೀಲ್ ಗ್ಯಾಸ್ಕೆಟ್‌ಗೆ ಅದು ಆಗದು.

ಬಿರುಕು ಇದೆಯಾ ಅಂತ ಪ್ರೆಷರ್ ಟೆಸ್ಟ್ ಮಾಡಿಸುವುದು ಫೇಸಿಂಗ್‌ಗೆ ಮುಂಚೆ. ಒಡೆದ ಹೆಡ್ ಅನ್ನು ಸಮ ಮಾಡಿ ಏನು ಪ್ರಯೋಜನ?

ಆರ್‌ಎಕ್ಸ್ 100 ಹೆಡ್ ಇಳಿಸಿದರೆ ಪಿಕಪ್ ಬರುತ್ತದಂತೆ, ನಿಜವಾ?

ಸ್ವಲ್ಪ ನಿಜ. ಅದು ಟೂ ಸ್ಟ್ರೋಕ್ ಬೈಕ್, ಹೆಡ್‌ನಲ್ಲಿ ವಾಲ್ವ್ ಇಲ್ಲ, ಹಾಗಾಗಿ ವಾಲ್ವ್ ತಗಲುವ ಭಯ ಇಲ್ಲ. ಕಂಪ್ರೆಷನ್ ಏರಿ ಕೆಳಗಿನ ಎಳೆತ ಚುರುಕಾಗುತ್ತದೆ. ಆದರೆ ಪಿಸ್ಟನ್ ತಲೆಗೂ ಹೆಡ್ ಅಂಚಿಗೂ ಇರುವ ಸಂದಿಯನ್ನು ಅಳೆಯದೆ ಕಡಿಸಿದರೆ ಪಿಸ್ಟನ್ ಹೆಡ್‌ಗೆ ಬಡಿಯುತ್ತದೆ, ಇಲ್ಲವೇ ತಲೆ ಕರಗಿ ತೂತಾಗುತ್ತದೆ. ಮೆತ್ತಗಿನ ಸೋಲ್ಡರ್ ತಂತಿಯನ್ನು ಪ್ಲಗ್ ತೂತಿನಿಂದ ಬೋರ್ ಗೋಡೆಯವರೆಗೆ ತೂರಿಸಿ ಕಿಕ್ಕರ್ ಅನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ತಂತಿ ಚಪ್ಪಟೆಯಾದ ದಪ್ಪವೇ ಆ ಸಂದಿ. ಆ ಸಂಖ್ಯೆ ಕೈಯಲ್ಲಿಲ್ಲದೆ ಕಡಿಸಬೇಡಿ.

ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಹೆಡ್ ತೆಗೆದುಕೊಳ್ಳುವಾಗ ಏನು ನೋಡಬೇಕು?

ಶಿವಾಜಿನಗರಕ್ಕೆ ಹೋಗುವಾಗ ಜೇಬಲ್ಲಿ ವರ್ನಿಯರ್, ಫೀಲರ್ ಗೇಜ್, ಒಂದು ಹಳೆ ಬಟ್ಟೆ ಇರಲಿ. ಮೊದಲು ಕ್ಯಾಸ್ಟಿಂಗ್ ನಂಬರ್ ನಿಮ್ಮದಕ್ಕೆ ಹೊಂದುತ್ತದಾ ನೋಡಿ. ಗ್ಯಾಸ್ಕೆಟ್ ಮುಖ ಹೊಳೆಯುತ್ತಿದ್ದರೆ ಖುಷಿ ಪಡಬೇಡಿ. ಮಾರಲೆಂದೇ ಫೇಸಿಂಗ್ ಮಾಡಿಸಿಟ್ಟಿರಬಹುದು. ಕಪ್ಪು ಹಿಡಿದ, ಹಳೆ ಗ್ಯಾಸ್ಕೆಟ್ ಅಂಟಿದ ಹೆಡ್ ಎಷ್ಟೋ ವಾಸಿ, ಅದನ್ನು ಯಾರೂ ಇತ್ತೀಚೆಗೆ ಮುಟ್ಟಿಲ್ಲ. ನಾಲ್ಕು ಮೂಲೆ ಒರೆಸಿ ದಪ್ಪ ಅಳೆಯಿರಿ. ಎರಡು ವಾಲ್ವ್ ಸೀಟ್‌ಗಳ ನಡುವಿನ ಸಣ್ಣ ಸೇತುವೆಯಲ್ಲಿ ಕೂದಲೆಳೆ ಬಿರುಕು ಇದೆಯಾ ನೋಡಿ. ನೀರಿನ ತೂತುಗಳ ಅಂಚು ತುಕ್ಕು ತಿಂದು ಗ್ಯಾಸ್ಕೆಟ್‌ನ ಉಂಗುರದವರೆಗೆ ಬಂದಿದ್ದರೆ ಬಿಡಿ. ಚೌಕಾಸಿ ಮಾಡುವಾಗ ದಪ್ಪದ ಸಂಖ್ಯೆ ಹೇಳಿ ಮಾಡಿ, ರೇಟ್ ಬೇಗ ಇಳಿಯುತ್ತದೆ. ಪ್ರೆಷರ್ ಟೆಸ್ಟ್‌ನಲ್ಲಿ ಲೀಕ್ ಬಂದರೆ ವಾಪಸ್ ತೆಗೆದುಕೊಳ್ಳುವ ಮಾತನ್ನು ದುಡ್ಡು ಕೊಡುವ ಮುಂಚೆಯೇ ಆಡಿಕೊಳ್ಳಿ.